ಓಸಿಪ್ ಬಳಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಇಂಟರ್ನೆಟ್ ಕರೆಗಳನ್ನು ಜೋಡಿಸುವ ಸಿಪ್ (SIP) ನಿಯಮಾವಳಿಗಾಗಿ ಇರುವ ಕೋಡ್ ಲೈಬ್ರರಿ ಓಸಿಪ್ (oSIP) ಒಂದೇ ಸಾಕೇ, ಅದರ ಮೇಲೆ ಕಟ್ಟಿದ ಎಕ್ಸೋಸಿಪ್ (eXosip) ಬೇಕೇ ಎಂದು ಹಲವರು ಕೇಳಿದ್ದೀರಿ.

ಓಸಿಪ್ ಶುರುವಾದಾಗ ಸಿಪ್‌ಗೆ ಆಧಾರವಾಗಿದ್ದು 1999ರ ಆರ್‌ಎಫ್‌ಸಿ 2543 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ದಾಖಲೆ). 2002ರಲ್ಲಿ ಆರ್‌ಎಫ್‌ಸಿ 3261 ಬಂದು ಟ್ರಾನ್ಸಾಕ್ಷನ್ (ಒಂದು ಕೋರಿಕೆ ಮತ್ತು ಅದಕ್ಕೆ ಬರುವ ಉತ್ತರಗಳು) ನಿಯಮಗಳು ಬಿಗಿಯಾದವು. ಓಸಿಪ್ ಸಂದೇಶ ಬಿಡಿಸಿ ಓದುತ್ತದೆ, ಟ್ರಾನ್ಸಾಕ್ಷನ್ ಯಾವ ಹಂತದಲ್ಲಿದೆ ಎಂದು ನೋಡಿಕೊಳ್ಳುತ್ತದೆ. ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ತೆರೆಯುವುದು, ಪ್ಯಾಕೆಟ್ ಕಳಿಸುವುದು, ಟೈಮರ್‌ಗಳನ್ನು ಓಡಿಸುವುದು ಎಲ್ಲ ನಮ್ಮ ಪಾಲು. ಪುಟ್ಟ ಸಾಧನಗಳಿಗೆ ಇದು ವರ, ಅವಸರದ ಕೆಲಸಕ್ಕೆ ಹೊರೆ.

ನಿನ್ನೆ ನಮ್ಮ ಲಾಗ್‌ನಲ್ಲಿ ಕರೆ ಶುರುಮಾಡುವ ಇನ್ವೈಟ್ ಸಂದೇಶ ಒಂದೇ ಸಲ ಹೋಗಿ ನಿಂತಿತ್ತು. ಯುಡಿಪಿಯಲ್ಲಿ (ಪ್ಯಾಕೆಟ್ ತಲುಪುವ ಖಾತ್ರಿ ಇಲ್ಲದ ಸಾಗಣೆ ವಿಧಾನ) ಉತ್ತರ ಬಾರದಿದ್ದರೆ ಅರ್ಧ ಸೆಕೆಂಡಿಗೆ ಮತ್ತೆ ಹೋಗಬೇಕು. ಆಮೇಲೆ ಅಂತರ 1, 2, 4 ಸೆಕೆಂಡ್ ಹೀಗೆ ದುಪ್ಪಟ್ಟಾಗುತ್ತ ಸಾಗಿ 32ನೇ ಸೆಕೆಂಡಿಗೆ ಕೈಬಿಡಬೇಕು. ಸರ್ವರ್ ಸರಿಯಿತ್ತು, ನಮ್ಮ ಲೂಪ್ ಟೈಮರ್‌ಗಳನ್ನು ಮುಟ್ಟುತ್ತಲೇ ಇರಲಿಲ್ಲ. ದಯವಿಟ್ಟು ನಿಮ್ಮ ಕೋಡ್‌ನಲ್ಲೂ ಮೊದಲು ಇದನ್ನೇ ನೋಡಿ.

ಎಕ್ಸೋಸಿಪ್ ಈ ತಾಪತ್ರಯವನ್ನೆಲ್ಲ ತಾನೇ ಹೊರುತ್ತದೆ, ಸರ್ವರ್‌ನಲ್ಲಿ ನೋಂದಣಿಯೂ ಸುಲಭ. ಆದರೆ ಓಸಿಪ್‌ನದು ಎಲ್‌ಜಿಪಿಎಲ್ ಲೈಸೆನ್ಸ್, ಎಕ್ಸೋಸಿಪ್‌ನದು ಅದಕ್ಕಿಂತ ಬಿಗಿಯಾದ ಜಿಪಿಎಲ್ ಲೈಸೆನ್ಸ್. ಕೋಡ್ ಮುಚ್ಚಿಟ್ಟು ಹಂಚುವವರು ಲೈಸೆನ್ಸ್ ಓದದೆ ಎಕ್ಸೋಸಿಪ್ ಸೇರಿಸಬೇಡಿ. ಹೊಸಬರು ಕಲಿಯಲು ಎಕ್ಸೋಸಿಪ್‌ನಿಂದಲೇ ಶುರು ಮಾಡಲಿ ಎಂಬುದು ನನ್ನ ಅಭಿಪ್ರಾಯ. ಸಿಕ್ಕಿಹಾಕಿಕೊಂಡವರು ಲಾಗ್ ಇಲ್ಲೇ ಹಾಕಿ, ಪಾಸ್‌ವರ್ಡ್ ಅಳಿಸಿ.