ರಾಜ್ಯೋತ್ಸವದ ಪೋಸ್ಟರ್ ಮಾಡುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಸಲದ ಪೋಸ್ಟರ್ ನಾವೇ ಮಾಡೋಣ ಎಂದು ಕೆಲವರು ಮುಂದೆ ಬಂದಿದ್ದೀರಿ, ಖುಷಿಯಾಯಿತು. ಇದಕ್ಕೆ ಸಾಫ್ಟ್‌ವೇರ್ ಕೊಳ್ಳುವುದು ಬೇಡ. ಮೊಬೈಲ್‌ನಲ್ಲಿ ಮಾಡುವವರಿಗೆ ಪೋಸ್ಟರ್ ಮಾಡುವ ಆ್ಯಪ್ ಆದ ಕ್ಯಾನ್ವಾದ ಉಚಿತ ಆವೃತ್ತಿ ಸಾಕು. ಕಿರೀಟದ ಗುರುತಿರುವ ಚಿತ್ರ ಮಾತ್ರ ಮುಟ್ಟಬೇಡಿ, ದುಡ್ಡು ಕೇಳುತ್ತದೆ. ಲ್ಯಾಪ್‌ಟಾಪ್ ಇದ್ದವರು ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಬರೆದ ಅಕ್ಷರವನ್ನು ಬ್ಯಾನರ್‌ನಷ್ಟು ದೊಡ್ಡದು ಮಾಡಿದರೂ ಮಸುಕಾಗುವುದಿಲ್ಲ.

ನಿಜವಾದ ತಲೆನೋವು ಕನ್ನಡ ಅಕ್ಷರದ್ದೇ ಅಲ್ವಾ? ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫೈಲುಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಪಠ್ಯವಿದ್ದರೆ ಸುಮ್ನೆ ನಕಲು ಮಾಡಿ ಅಂಟಿಸಬೇಡಿ. ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ತಲೆಬರಹಕ್ಕೆ ‘ಬಾಲೂ ತಮ್ಮ 2’ ಫಾಂಟ್, ವಿವರಕ್ಕೆ ‘ನೋಟೋ ಸ್ಯಾನ್ಸ್ ಕನ್ನಡ’ ಫಾಂಟ್. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಮೂರನೇ ಫಾಂಟ್ ಬೇಡವೇ ಬೇಡ! ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಳದಿ ಮೇಲೆ ಬಿಳಿ ಅಕ್ಷರ ದೂರದಿಂದ ಕಾಣುವುದಿಲ್ಲ. ಕಪ್ಪು ಅಥವಾ ಕಡುಗೆಂಪು ಹಾಕಿ.

ಅಳತೆ ಎ4. ಪಿಕ್ಸೆಲ್ ಕೇಳಿದರೆ 2480 × 3508, ಅಂದರೆ ಇಂಚಿಗೆ 300 ಚುಕ್ಕಿ. ಪ್ರಿಂಟ್ ಅಂಗಡಿಗೆ ಪಿಡಿಎಫ್ ಕೊಡುತ್ತೇವೆ. ಇಂಕ್‌ಸ್ಕೇಪ್‌ನವರು ಕೊನೆಗೆ ಅಕ್ಷರಗಳಿಗೆ ‘ಆಬ್ಜೆಕ್ಟ್ ಟು ಪಾತ್’ ಒತ್ತಿ. ಆಗ ಅಕ್ಷರಗಳು ಚಿತ್ರದ ಗೆರೆಗಳಾಗುತ್ತವೆ, ಅಂಗಡಿಯಲ್ಲಿ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಆಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಮಾಡಿದ ಪೋಸ್ಟರನ್ನು ಈ ವಾಟ್ಸಾಪ್ ಗುಂಪಿಗೆ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಗುಣಮಟ್ಟ ಇಳಿಸುತ್ತದೆ. ಡಾಕ್ಯುಮೆಂಟ್ ಆಗಿಯೇ ಹಾಕಿ, ಭಾನುವಾರ ಸಂಜೆಯೊಳಗೆ.