ಅಕ್ಕ, ಆ ರಸೀದಿ ಇನ್ನೂ ನಮ್ಮ ಹತ್ತಿರ ಇದೆ

ಕಳೆದ ಭಾನುವಾರ ಮಡಿಕೇರಿಯಲ್ಲಿ ನಿಮಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರು. ಮೈಸೂರಿನಲ್ಲಾದರೆ ಮೇಯರ್ ಅನ್ನುತ್ತಾರೆ, ನಮ್ಮಲ್ಲಿ ನಗರಸಭೆ ಅಧ್ಯಕ್ಷರು. ನಮ್ಮ ಕೇರಿಗೆ ಮಾತ್ರ ನೀವು ಯಾವಾಗಲೂ ಅಕ್ಕ. ವೇದಿಕೆಯಲ್ಲಿ ದಸರಾ ಮಂಟಪ, ರಸ್ತೆ, ಬೀದಿದೀಪ ಅಂತ ಎಲ್ಲರೂ ಚೆನ್ನಾಗಿ ಮಾತಾಡಿದರು. ಹಿಂದೆ ಕೂತಿದ್ದ ನನಗೆ ಬೇರೆ ಏನೋ ನೆನಪಾಗುತ್ತಿತ್ತು.

ನೀವು ಅಧ್ಯಕ್ಷರಾಗಿದ್ದಾಗ ನಮ್ಮ ಬರೆಯ, ಅಂದರೆ ಕಡಿದಾದ ಗುಡ್ಡದ ಇಳಿಜಾರಿನ, ಮೇಲಿನ ಮನೆಮನೆಗೂ ಹತ್ತಿ ಬಂದು, 'ಕಂದಾಯ ಕಟ್ಟಿ, ರಸೀದಿ ಜೋಪಾನ ಮಾಡಿ' ಅಂತ ದುಂಬಾಲು ಬಿದ್ದಿದ್ದಿರಿ. ನಲ್ಲಿಯಲ್ಲಿ ನೀರೇ ಸರಿಯಾಗಿ ಬರಲ್ಲ, ಕಂದಾಯ ಬೇರೆ ಕೇಡು ಅಂತ ಅಪ್ಪ ರೇಗಿದ್ದರು. ಆ ಬೇಸಿಗೆ, ಊರಿಗೆ ನೀರು ಕೊಡುವ ಕೂಟುಹೊಳೆಯಲ್ಲಿ ನೀರು ಇಳಿದಾಗ ಟ್ಯಾಂಕರ್ ಜೊತೆ ನೀವೇ ಬಂದಿರಿ. ಕೊನೇ ಮನೆಯ ಕೊಡ ತುಂಬುವವರೆಗೆ ಅಲ್ಲೇ ನಿಂತಿದ್ದಿರಿ. ಮಾರನೇ ದಿನ ಅಪ್ಪ ಯಾರಿಗೂ ಹೇಳದೆ ಹೋಗಿ ಕಂದಾಯ ಕಟ್ಟಿ ಬಂದರು.

2018ರ ಆಗಸ್ಟ್. ಮಳೆ ಬಿಡದೆ ಸುರಿಯುತ್ತಿತ್ತು. ಸುತ್ತಲ ಹಳ್ಳಿಗಳಾದ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆಯಿಂದ ಗುಡ್ಡ ಕುಸಿದ ಕೆಟ್ಟ ಸುದ್ದಿಗಳೇ ಬರುತ್ತಿದ್ದವು. ಪಟ್ಟಣದೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲೂ ಬರೆ ಜಾರುತ್ತಿತ್ತು. ನಮ್ಮ ಅಡುಗೆಮನೆ ನೆಲ ಮಧ್ಯಾಹ್ನವೇ ಬಿರುಕು ಬಿಟ್ಟಿತ್ತು. ಕರೆಂಟಿಲ್ಲ, ಫೋನಿಲ್ಲ. ನಿಮ್ಮ ಅಧಿಕಾರ ಮುಗಿದು ಎಷ್ಟೋ ವರ್ಷ ಆಗಿತ್ತು, ಬರಲೇಬೇಕು ಅಂತ ಏನೂ ಇರಲಿಲ್ಲ. ಆದರೂ ಕತ್ತಲಾಗುವ ಹೊತ್ತಿಗೆ ಟಾರ್ಚ್ ಹಿಡಿದು, ತೊಪ್ಪೆಯಾಗಿ ನೆನೆದು ಬಾಗಿಲಲ್ಲಿ ನಿಂತಿದ್ದಿರಿ. ಅಮ್ಮ ಪಾತ್ರೆ ಕಟ್ಟುತ್ತಿದ್ದರು. 'ಅದೆಲ್ಲ ಬಿಡಿ. ಆಧಾರ್, ರೇಷನ್ ಕಾರ್ಡ್, ಕಂದಾಯದ ರಸೀದಿ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ನಡೀರಿ' ಅಂದಿರಿ.

ಬೆಳಗಾಗುವಷ್ಟರಲ್ಲಿ ಮನೆ ಇರಲಿಲ್ಲ.

ಮನೆ ಹೋದ ಮೇಲೆ, ಅಲ್ಲಿ ಮನೆ ಇತ್ತು ಅಂತ ತೋರಿಸಬೇಕಾಗುತ್ತದೆ. ನಮ್ಮಂಥವರಿಗೆ ಇದು ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಒಂದು ಕಚೇರಿಯಲ್ಲಿ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ ಅಂದಾಗ ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ನೀವು ಆ ರಸೀದಿಯನ್ನು ಮೇಜಿನ ಮೇಲಿಟ್ಟು, ಹೆಸರು ಬರೆಯುವವರೆಗೆ ಎದ್ದೇಳಲಿಲ್ಲ. ತಿಂಗಳ ಬಾಡಿಗೆ ಹಣ, ಆಮೇಲೆ ಹೊಸ ಮನೆ, ಎಲ್ಲ ಬಂದದ್ದು ಅದರಿಂದಲೇ. ರಸೀದಿ ಇಲ್ಲದ ಮನೆಗಳವರಿಗಾಗಿ ನೀವು ಇನ್ನೂ ಜಾಸ್ತಿ ಓಡಾಡಿದಿರಿ. ಜೆರಾಕ್ಸ್ ಅಂಗಡಿ ಮುಂದೆ ಕೊಡೆ ಹಿಡಿದು ಸಾಲಿನಲ್ಲಿ ನಿಂತಿದ್ದಿರಿ. ಅದೇ ಮಳೆಗೆ ನಿಮ್ಮ ತೋಟದ ಕಾಫಿ ಕಾಯಿ ಉದುರಿ ಹೋಗಿತ್ತು ಅಂತ ನಮಗೆ ಗೊತ್ತಾದದ್ದು ಡಿಸೆಂಬರ್‌ನಲ್ಲಿ, ಅದೂ ಬೇರೆಯವರ ಬಾಯಿಂದ.

ಅವತ್ತು ನಿಮಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಅಕ್ಕ. ಅಳು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಈಗ ಊರೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ. ನಾವು ಇವತ್ತು ಒಂದು ಸೂರಿನಡಿ ಇದ್ದೇವೆ ಅಂದರೆ ಅದು ನಿಮ್ಮಿಂದ.

ಇನ್ನು ಚುನಾವಣೆಗೆ ನಿಲ್ಲುವುದಿಲ್ಲ, ಮಂಡಿ ನೋವು ಅಂತ ಸನ್ಮಾನದ ದಿನ ಹೇಳಿದಿರಿ. ಹಾಗಾದರೆ ಬಿಡುವಿದೆ ಅಲ್ವಾ? ಹೊಸ ಮನೆಗೆ ನೀವು ಇನ್ನೂ ಬಂದಿಲ್ಲ. ಮೆಟ್ಟಿಲು ಎರಡೇ ಇವೆ. ಮಳೆ ಶುರುವಾಗಿದೆ, ಅಮ್ಮ ಕಣಿಲೆ (ಎಳೆ ಬಿದಿರು) ನೆನೆಸಿಟ್ಟಿದ್ದಾರೆ. ಬನ್ನಿ.