ಆ ಬಸ್ಸಿನಲ್ಲಿ ನಾನೂ ಇದ್ದೆ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ ಟರ್ಕಿ ಪ್ರವಾಸದ ವರದಿ ಓದಿದೆ. ಆ ಬಸ್ಸಿನಲ್ಲಿ ನಾನೂ ಇದ್ದೆ. ಹಿಂದಿನಿಂದ ಎರಡನೇ ಸೀಟು, ಎಸಿ ನೀರು ತೊಟ್ಟಿಕ್ಕುತ್ತಿದ್ದ ಕಡೆ. ಅದಕ್ಕೇ ಈ ಪತ್ರ.

‘ಹಾಜಿ ಬೆಕ್ತಾಶರ ದರ್ಗಾದಲ್ಲಿ ಸೂಫಿ ಕುಣಿತ ನೋಡಿ ಮೈಮರೆತೆವು’ ಎಂದು ವರದಿಯಲ್ಲಿದೆ. ಯಾರು ಸ್ವಾಮಿ ಮೈಮರೆತದ್ದು? ಬಸ್ಸು ಆ ಊರಿಗೆ ಹೋಗಲೇ ಇಲ್ಲ. ಟೂರ್ ಕಂಪನಿಯ ಕರಪತ್ರದಲ್ಲಿ ಐದನೇ ದಿನಕ್ಕೆ ‘ಹಜಿಬೆಕ್ತಾಶ್’ ಎಂದು, ಅವರ ಹೆಸರಿನ ಆ ಊರು, ದಪ್ಪ ಅಕ್ಷರದಲ್ಲಿತ್ತು. ಅದನ್ನು ನೋಡಿಯೇ ನಾನು ದುಡ್ಡು ಕಟ್ಟಿದ್ದು. ಐದನೇ ದಿನ ಬೆಳಿಗ್ಗೆ ಗೈಡ್ ಮಹಾಶಯರು ‘ಅಲ್ಲಿ ನೋಡೋಕೆ ಏನೂ ಇಲ್ಲ, ಹಳೇ ಕಟ್ಟಡ ಅಷ್ಟೇ’ ಅಂದರು. ಬಸ್ಸು ನೇರ ಕಾರ್ಪೆಟ್ ಅಂಗಡಿಗೆ. ಮೂರು ತಾಸು ಕಾರ್ಪೆಟ್ ಬಿಚ್ಚಿದರು, ಸುತ್ತಿದರು, ಮತ್ತೆ ಬಿಚ್ಚಿದರು. ಚಹಾ ಮಾತ್ರ ಧಾರಾಳ.

ಇನ್ನು ವರದಿಯ ಜೊತೆಗಿನ ಆ ಫೋಟೊ. ಬಿಳಿ ಲಂಗ, ಉದ್ದ ಟೊಪ್ಪಿಗೆ, ಗಿರಗಿರ ತಿರುಗುವ ಗಂಡಸರು. ಅದು ಕೊನ್ಯಾದ ರೂಮಿಯ ಪಂಥದ್ದು, ಮೆವ್ಲೆವಿಗಳದ್ದು. ಅದನ್ನು ರಾತ್ರಿ ಊಟದ ಮುಂಚೆ ಟಿಕೆಟ್ ಇಟ್ಟು ತೋರಿಸಿದ್ದು ನಿಜ. ಫೋಟೊದ ಕೆಳಗೆ ಬೆಕ್ತಾಶಿಗಳ, ಅಂದರೆ ಹಾಜಿ ಬೆಕ್ತಾಶರ ಪಂಥದವರ, ಹೆಸರು ಯಾಕೆ? ಬೆಕ್ತಾಶಿಗಳದ್ದೂ, ಹಾಜಿ ಬೆಕ್ತಾಶರಿಗೇ ನಡೆದುಕೊಳ್ಳುವ ಟರ್ಕಿಯ ಅಲ್ಪಸಂಖ್ಯಾತ ಪಂಗಡವಾದ ಅಲೆವಿಗಳದ್ದೂ ಸೆಮಾಹ್. ಹೆಂಗಸರು ಗಂಡಸರು ಒಟ್ಟಿಗೆ, ಸಾಜ್ ಎಂಬ ತಂತಿವಾದ್ಯದ ಹಾಡಿಗೆ ಸುತ್ತು ಬರುತ್ತಾರೆ. ಕೊಕ್ಕರೆ ರೆಕ್ಕೆ ಬಿಚ್ಚಿದ ಹಾಗೆ ಕೈ ಆಡಿಸುವುದೂ ಉಂಟು. ಯುನೆಸ್ಕೊದವರೇ ಎರಡನ್ನೂ ತಮ್ಮ ಪರಂಪರೆಯ ಪಟ್ಟಿಗೆ ಬೇರೆ ಬೇರೆಯಾಗಿ ಸೇರಿಸಿದ್ದಾರೆ, ಮೆವ್ಲೆವಿಗಳದ್ದು 2008ರಲ್ಲಿ, ಸೆಮಾಹ್ 2010ರಲ್ಲಿ. ನಿಮ್ಮ ಪುರವಣಿಗೆ ಮಾತ್ರ ಎರಡೂ ಒಂದೇ.

ಸೆಮಾಹ್ ನೋಡುವವರಿಗಾಗಿ ಮಾಡುವ ಕುಣಿತ ಅಲ್ಲ. ‘ಜೆಮ್’ ಎನ್ನುವ ಅವರ ಪೂಜೆಯ ಕೂಟದ ಒಂದು ಭಾಗ. ಅದನ್ನು ನಡೆಸುವ ಗುರುವಿಗೆ ದೆದೆ ಅನ್ನುತ್ತಾರೆ, ಅಂದರೆ ಅಜ್ಜ. ಇಲ್ಲಿ ಯಾರಿಗಾದರೂ ಇನ್ನೊಬ್ಬರ ಮೇಲೆ ಮುನಿಸು ಇದೆಯಾ ಎಂದು ಅಜ್ಜ ಕೇಳುತ್ತಾರೆ. ಇದ್ದರೆ ಎಲ್ಲರ ಎದುರು ರಾಜಿಯಾಗಬೇಕು, ಆಮೇಲೆ ಜೆಮ್. ನಮ್ಮ ಬಸ್ಸಿನಲ್ಲಿ ಹೀಗೆ ಕೇಳಿದ್ದರೆ ಬಸ್ಸು ವಿಮಾನ ನಿಲ್ದಾಣದಿಂದಲೇ ಹೊರಡುತ್ತಿರಲಿಲ್ಲ.

ಆರನೇ ದಿನ ಉಳಿದವರೆಲ್ಲ ಬಲೂನ್ ಹತ್ತಿದರು. ನಾನು ಒಬ್ಬಳೇ ಹಜಿಬೆಕ್ತಾಶ್‌ಗೆ ಹೊರಟೆ. ಹೋಟೆಲಿನಿಂದ ನೆವ್‌ಶೆಹಿರ್‌ಗೆ ಒಂದು ಮಿನಿಬಸ್ಸು, ಅಲ್ಲಿಂದ ಸುಮಾರು 45 ಕಿ.ಮೀ. ಇನ್ನೊಂದು. ಕಂಪನಿಯವರು ಕೊಟ್ಟ ಸಿಮ್ ಸತ್ತಿತ್ತು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್ಡು ಒಂದೇ ಇಡೀ ದಿನದ ಊಟ. ವಾಪಸು ಬರುವಾಗ ಬಸ್ಸು ತಪ್ಪಿತು. ಟ್ಯಾಕ್ಸಿಗೆ ನಮ್ಮ ದುಡ್ಡಲ್ಲಿ 5,000 ರೂಪಾಯಿ ಹೋಯಿತು. ಮೊಣಕಾಲು ಈಗಲೂ ಊದಿದೆ.

‘ಏನೂ ಇಲ್ಲದ’ ಆ ಜಾಗದಲ್ಲಿ ಒಂದರ ಹಿಂದೆ ಒಂದು ಮೂರು ಅಂಗಳ. ಕಲ್ಲಿನ ಸಿಂಹ ಕೂತ ನೀರಿನ ಕಟ್ಟೆ. ಅಡುಗೆ ಮನೆಯಲ್ಲಿ ದೊಡ್ಡ ಕರಿ ಕೊಪ್ಪರಿಗೆ. ಒಂದು ತೊಡೆಯ ಮೇಲೆ ಸಿಂಹ, ಇನ್ನೊಂದರ ಮೇಲೆ ಜಿಂಕೆ ಕೂರಿಸಿಕೊಂಡ ಹಾಜಿ ಬೆಕ್ತಾಶರ ಚಿತ್ರ. 13ನೇ ಶತಮಾನದಲ್ಲಿ ಖುರಾಸಾನ್ ಕಡೆಯಿಂದ ಬಂದವರು. ‘ಕೈ, ಸೊಂಟ, ನಾಲಿಗೆ ಹಿಡಿತದಲ್ಲಿರಲಿ’ ಅನ್ನುವುದು ಅವರ ಹೆಸರಲ್ಲಿ ನಡೆದುಬಂದ ಮಾತು. ಕದಿಯಬೇಡ, ಹಾದರ ಬೇಡ, ಸುಳ್ಳಾಡಬೇಡ ಅಂತ ಅರ್ಥ. ಮೂರನೆಯದನ್ನು ವರದಿಗಾರರು ಬರೆದಿಟ್ಟುಕೊಳ್ಳಬಹುದು.

ಗೋರಿಯ ಬಾಗಿಲಲ್ಲಿ ನಾನು ಕಾಲಿಡುವಾಗ ಹಿಂದಿನಿಂದ ಒಬ್ಬ ಹೆಂಗಸು ‘ಅಬ್ಲಾ, ಅಬ್ಲಾ’ ಎಂದು ಕೈ ಎಳೆದಳು. ಅಬ್ಲಾ ಅಂದರೆ ಅಕ್ಕ. ಹೊಸ್ತಿಲು ತೋರಿಸಿ ತಲೆ ಅಲ್ಲಾಡಿಸಿದಳು. ತುಳಿಯಬಾರದು! ತಾನು ಬಗ್ಗಿ ಬಾಗಿಲ ಚೌಕಟ್ಟಿಗೆ ಮುತ್ತಿಟ್ಟು, ಹೊಸ್ತಿಲು ದಾಟಿ ಒಳಗೆ ಹೋದಳು. ನಮ್ಮಜ್ಜಿಯ ಕೈಯಲ್ಲಿ ಹೊಸ್ತಿಲು ತುಳಿದದ್ದಕ್ಕೆ ಪೆಟ್ಟು ತಿಂದವಳು ನಾನು. ಅಷ್ಟು ದೂರ ಹೋಗಿ ಮತ್ತೆ ಅದೇ ಪಾಠ. ಬಂದವರಲ್ಲಿ ಮುಕ್ಕಾಲು ಪಾಲು ಹರಕೆಯವರು, ಪ್ರವಾಸಿಗರಲ್ಲ. ಆದರೆ ಹೊರಗಿನ ಬೋರ್ಡು ‘ಮ್ಯೂಸಿಯಂ’. 1925ರ ಕಾನೂನಿನಲ್ಲಿ ಎಲ್ಲ ಸೂಫಿ ಮಠಗಳ ಜೊತೆ ಇದಕ್ಕೂ ಬೀಗ ಬಿತ್ತು. ಬೆಕ್ತಾಶಿಗಳ ಮುಖ್ಯ ಪೀಠ ಅಲ್ಬೇನಿಯಾಕ್ಕೆ ಹೋಯಿತು. 1964ರಲ್ಲಿ ಬೀಗ ತೆಗೆದದ್ದು ಮ್ಯೂಸಿಯಂ ಮಾಡೋಕೆ.

ನಮ್ಮ ವಿಜಯಪುರದವರಿಗೆ ಇದು ತೀರಾ ಊರಾಚೆಯ ಕತೆಯೂ ಅಲ್ಲ. ಇಸ್ಮಾಯಿಲ್ ಆದಿಲ್ ಶಾ ತನ್ನ ಸೈನ್ಯಕ್ಕೆ ಇರಾನಿನ ಶಾ ಇಸ್ಮಾಯಿಲನ ಕಡೆಯವರ ಹಾಗೆ ಹನ್ನೆರಡು ಮೂಲೆಯ ಕೆಂಪು ಟೊಪ್ಪಿಗೆ ಹಾಕಿಸಿದ್ದ. ಅದೇ ಕೆಂಪು ಟೊಪ್ಪಿಗೆಯಿಂದ ಅಲೆವಿಗಳ ಹಿರಿಯರಿಗೆ ಕಿಜಿಲ್‌ಬಾಶ್, ಅಂದರೆ ಕೆಂಪುತಲೆ, ಎಂಬ ಹೆಸರು. ಶಾ ಇಸ್ಮಾಯಿಲ್ ಕಟ್ಟಿದ ಪದಗಳನ್ನು ಇಂದಿಗೂ ಜೆಮ್‌ನಲ್ಲಿ ಹಾಡುತ್ತಾರೆ. ಅವನನ್ನು 1514ರಲ್ಲಿ ಸೋಲಿಸಿದ ಟರ್ಕಿಯ ಆಟೊಮನ್ ಸುಲ್ತಾನ್ ಸೆಲೀಮನ ಕಾಲದಲ್ಲಿ ಕಿಜಿಲ್‌ಬಾಶರು ಪಟ್ಟ ಪಾಡು ಅಲೆವಿಗಳು ಮರೆತಿಲ್ಲ. ಇಸ್ತಾಂಬುಲ್ಲಿನ ಮೂರನೇ ಸೇತುವೆಗೆ ಸರ್ಕಾರ ಇಟ್ಟಿದ್ದು ಆ ಸೆಲೀಮನ ಹೆಸರನ್ನೇ. ಅಲೆವಿಗಳು ಬೇಡ ಬೇಡ ಅಂದರೂ. ಬಸ್ಸು ಆ ಸೇತುವೆ ದಾಟುವಾಗ ಗೈಡ್ ‘ಫೋಟೊ ತೆಗೀರಿ’ ಅಂದರು.

ಸಿವಾಸ್ ಅನ್ನುವ ಊರಿನ ಮದಿಮಾಕ್ ಹೋಟೆಲಿಗೆ 1993ರ ಜುಲೈ 2ರಂದು ಗುಂಪೊಂದು ಬೆಂಕಿ ಹಚ್ಚಿತು. ಅಲೆವಿ ಕವಿ ಪೀರ್ ಸುಲ್ತಾನ್ ಅಬ್ದಾಲರ ಹೆಸರಿನ ಉತ್ಸವಕ್ಕೆ ಬಂದಿದ್ದ 33 ಜನ ಸತ್ತರು. ಕವಿಗಳು, ಹಾಡುಗಾರರು, ಸೆಮಾಹ್ ಆಡಲು ಬಂದ ಎಳೆಯರು. ಹೋಟೆಲಿನ ಇಬ್ಬರು ಕೆಲಸಗಾರರೂ ಹೋದರು. ಆಮೇಲೆ ವರ್ಷಗಟ್ಟಲೆ ಅದೇ ಕಟ್ಟಡದ ಕೆಳಗೆ ಕಬಾಬ್ ಅಂಗಡಿ ನಡೆಯಿತು. ಇದೆಲ್ಲ ‘ಸೂಫಿ ಕುಣಿತ’ದಲ್ಲಿ ಎಲ್ಲಿ ಬರುತ್ತದೆ, ಅಲ್ವಾ?

ಅವರ ಜೆಮ್‌ ನಡೆಯುವ ಮನೆಗಳನ್ನು ಪೂಜಾಸ್ಥಳ ಎಂದು ಒಪ್ಪಲು ಅಲ್ಲಿನ ಅಧಿಕಾರಿಗಳಿಗೆ ಬಾಯಿ ಬಾರದು. 2022ರ ತನಕ ಮಸೀದಿಯ ದೀಪದ ಬಿಲ್ಲು ಸರ್ಕಾರದ್ದಾಗಿತ್ತು, ಜೆಮ್ ಮನೆಯದು ಅವರವರದ್ದಾಗಿತ್ತು. ಕರೆಂಟ್ ಬಿಲ್ಲಿಗಾಗಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ಕೋರ್ಟಿಗೆ ಹೋಗಿ 2014ರಲ್ಲಿ ಗೆದ್ದರು. 2022ರಲ್ಲಿ ಸರ್ಕಾರ ಅವರಿಗಾಗಿ ಒಂದು ಕಚೇರಿ ತೆರೆಯಿತು. ಯಾವ ಇಲಾಖೆಯಡಿ ಗೊತ್ತೇ? ಸಂಸ್ಕೃತಿ ಮತ್ತು ಪ್ರವಾಸೋದ್ಯಮ! ನೀವೂ ಪ್ರವಾಸ ಪುರವಣಿಯಲ್ಲೇ ಹಾಕಿದಿರಿ. ಒಳ್ಳೆ ಜೋಡಿ.

ಕರೆಂಟಿನ ಮಾತು ಬಂತು, ಹೇಳಿಬಿಡುತ್ತೇನೆ. ಮೊಹರಮ್ಮಿಗೆ ಅಲೆವಿಗಳು ಹನ್ನೆರಡು ದಿನ ಉಪವಾಸ ಇದ್ದು ಅಶುರೆ ಪಾಯಸ ಹಂಚುತ್ತಾರೆ. ನಮ್ಮ ಓಣಿಯಲ್ಲಿ ಎಲ್ಲ ಜಾತಿಯವರೂ ಸೇರಿ ಬೆಂಕಿ ಕುಣಿಯ ಸುತ್ತ ಅಲಾಯಿ ಆಡುತ್ತೇವೆ, ಚೋಂಗೆ ಎಂಬ ಸಿಹಿ ರೊಟ್ಟಿ ಹಂಚುತ್ತೇವೆ. ಆ ಅಲಾಯಿ ಕುಣಿಯ ಮುಂದಿನ ಕಂಬದ ದೀಪ ಮೂರು ವರ್ಷದಿಂದ ಉರಿದಿಲ್ಲ. ನಾಲ್ಕು ಅರ್ಜಿ ಕೊಟ್ಟೆವು. ಕೊನೆಗೆ ಒಬ್ಬ ಅಧಿಕಾರಿ ‘ಇದು ಧಾರ್ಮಿಕವೋ ಸಾಂಸ್ಕೃತಿಕವೋ ಬರೆದುಕೊಡಿ, ಫೈಲು ಯಾವ ಟೇಬಲ್ಲಿಗೆ ಅಂತ ನೋಡೋಣ’ ಅಂದರು. ಹಿಂದಿನ ಸಾಹೇಬರು ಅಷ್ಟೂ ಕೇಳಿರಲಿಲ್ಲ, ಸುಮ್ನೆ ಊಟಕ್ಕೆ ಹೋದರು. ನನ್ನ ಪಿಂಚಣಿ ಬಾಕಿಯ ಫೈಲೂ ಅಂಥದ್ದೇ ಯಾವುದೋ ಟೇಬಲ್ಲಿನಲ್ಲಿ ಮಲಗಿದೆ.

ಫೋಟೊದ ಕೆಳಗಿನ ಸಾಲು ತಪ್ಪು ಎಂದು ಮುಂದಿನ ಭಾನುವಾರ ಹಾಕಿ, ಮೂಲೆಯಲ್ಲಿ ಅಲ್ಲ. ಇಲ್ಲವೇ ವರದಿಗಾರರನ್ನು ಆಗಸ್ಟ್ ಮಧ್ಯದಲ್ಲಿ, ಅಲ್ಲಿ ಉತ್ಸವ ನಡೆಯುವಾಗ, ಎರಡು ಮಿನಿಬಸ್ಸು ಹತ್ತಿಸಿ ಕಳಿಸಿ. ಬೆಳಿಗ್ಗೆ ಬ್ರೆಡ್ಡು ಮಾತ್ರ ಕೊಡಿ. ಟೂರ್ ಕಂಪನಿಗಳ ಮೇಲೆ ಸಂಬಂಧಪಟ್ಟವರು ಏನಾದರೂ ಕ್ರಮ ಕೈಗೊಳ್ಳಬೇಕು. ಅಲಾಯಿ ಕಂಬದ ದೀಪವನ್ನೂ ನೋಡಬೇಕು. ನನ್ನ ಟ್ಯಾಕ್ಸಿ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳುವುದಿಲ್ಲ. ಕೊಡುವ ಮುಖ ಒಂದೂ ಕಾಣುತ್ತಿಲ್ಲ.

– ನಿವೃತ್ತ ಶಿಕ್ಷಕಿ, ವಿಜಯಪುರ